ಹಾಜರಿ

ಅರವತ್ತೊಂದು ಹೆಸರು, ಮೂರು ನಿಮಿಷ.
ಹದಿನಾರು ವರ್ಷ ಇದನ್ನು ನಾನು
ಬಾಗಿಲಿಗೆ ಚಿಲಕ ಹಾಕಿದಷ್ಟೇ ಸಲೀಸಾಗಿ ಮುಗಿಸಿದ್ದೆ,
ತಲೆ ಎತ್ತದೆ, ಕೆಂಪು ಪೆನ್ನಿನಲ್ಲಿ.

ಆಮೇಲೆ ಕಾರವಾರದ ಸಭಾಂಗಣವೊಂದರಲ್ಲಿ ಎರಡು ದಿನದ ತರಬೇತಿ:
ಹದಿಹರೆಯದ ಮನಸ್ಸು, ಮೂವತ್ತೆಂಟು ಸ್ಲೈಡು,
ನಡುವೆ ಉಪ್ಪಿಟ್ಟು, ಕೊನೆಗೆ ಪ್ರಮಾಣಪತ್ರ.
ನನ್ನ ಹೆಸರಲ್ಲಿ ಒಂದು ಅಕ್ಷರ ತಪ್ಪಿತ್ತು.
ಕರೆಂಟು ಹೋಗಿ ಪರದೆ ಕಪ್ಪಾದಾಗ
ಪಕ್ಕದಲ್ಲಿ ಕೂತ ನರ್ಸಬಾಯಿ ಹೇಳಿದ್ದು ಮಾತ್ರ ಉಳಿಯಿತು:
"ಮಕ್ಕಳು ಸುಳ್ಳು ಹೇಳ್ತಾರೆ ಮೇಡಂ, ದನಿ ಹೇಳೂದಿಲ್ಲ."

ಅಂದಿನಿಂದ ಕರೆಯುವಾಗ ತಲೆ ಎತ್ತುತ್ತೇನೆ.
ಹನ್ನೊಂದು, ಓಂಕಾರ ಮೇತ್ರಿ: ಗೋಲು ಹೊಡೆದವನ ಹಾಗೆ ಹಾಜರ್.
ಇಪ್ಪತ್ತೇಳು, ಮುಜಮ್ಮಿಲ್: ಬಾಯಿ ತುಂಬ ಶೇಂಗಾ.
ಮೂವತ್ತನಾಲ್ಕು, ಸಾನಿಕಾ ಬಾನಾವಳಿ:
ಜುಲೈಯಲ್ಲಿ ಅದೊಂದು ಶಬ್ದವಾಗಿತ್ತು,
ಆಗಸ್ಟಿನಲ್ಲಿ ಉಸಿರು,
ಚೌತಿ ರಜೆ ಮುಗಿಸಿ ಬಂದಮೇಲೆ ಬರೀ ತುಟಿ.
ಪುಸ್ತಕದಲ್ಲಿ ಮಾತ್ರ ಮೂರೂ ತಿಂಗಳು
ಒಂದೇ ಸಮ ಪಿ, ಪಿ, ಪಿ.

ಪ್ರಾಕ್ಟಿಕಲ್ ದಿನ ಎಲ್ಲರೂ ಹೋದಮೇಲೂ ಉಳಿದಳು,
ಬ್ಯೂರೆಟ್ಟು ತೊಳೆಯುವ ನೆಪ.
ನಾನೇನೂ ಕೇಳಲಿಲ್ಲ, ನಾನೂ ಒಂದು ಬ್ರಶ್ಶು ಹಿಡಿದೆ.
ಉತ್ತರ ಹೇಳಿಯೇ ಸಂಬಳ ಎಣಿಸುವವಳಿಗೆ
ಸುಮ್ಮನಿರುವುದು ಎಷ್ಟು ಕಷ್ಟ!
ನಲ್ಲಿ ಎರಡು ಸಲ ಕೆಮ್ಮಿ ನಿಂತಿತು.
ಆಗ ಆಕೆ, ಗಾಜಿಗೆ ಹೇಳುವಂತೆ:
"ಮಿಸ್, ರಾತ್ರಿ ಮೂರಕ್ಕೆ ಎಚ್ಚರಾಗಿ ಅಳು ಬರೂದು
ಯಾವ ಸಬ್ಜೆಕ್ಟಿಗೆ ಸೇರ್ತದೆ?"

ಅದೇ ಬೆಳಿಗ್ಗೆ ನಾನೇ ಕಲಿಸಿದ್ದೆ:
ಹತ್ತೊಂಬತ್ತು ಮಿಲಿಯ ತನಕ ಏನೂ ಕಾಣದು,
ಫ್ಲಾಸ್ಕಿನ ನೀರು ನೀರಾಗಿಯೇ ಇರುತ್ತದೆ.
ಮತ್ತೊಂದೇ ಹನಿ, ಇಡೀ ಫ್ಲಾಸ್ಕು ಗುಲಾಬಿ.
ಎಲ್ಲರೂ ಬೈಯುವುದು ಆ ಹನಿಯನ್ನೇ,
ಕಡಿಮೆ ಬಂದ ಮಾರ್ಕು, ಮೊಬೈಲು, ಯಾವನೋ ಹುಡುಗ.
ಮೊದಲಿನ ಹತ್ತೊಂಬತ್ತು ಮಿಲಿಯನ್ನು
ಯಾವ ರೆಕಾರ್ಡಿನಲ್ಲಿ ಬರೆದಿದ್ದೇವೆ?

ತಾಯಿ ಬಂದರು, ಮೀನು ಮಾರ್ಕೆಟ್ಟಿನಿಂದ ನೇರ,
ಖಾಲಿ ಬುಟ್ಟಿ ಪ್ರಿನ್ಸಿಪಾಲರ ಬಾಗಿಲ ಹೊರಗಿಟ್ಟು.
"ನಮ್ಮ ಹುಡುಗಿಗೆ ಹುಚ್ಚಾ?"
"ಅಲ್ಲ ಬಾಯಿ. ಜ್ವರ ಬಂದ್ರೆ ದವಾಖಾನೆಗೆ ಒಯ್ಯೂದಿಲ್ವಾ?"
"ಜ್ವರ ಮುಟ್ಟಿದ್ರೆ ತಿಳೀತದೆ."
ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.
ತುಂಬಾ ಹೊತ್ತಿನ ಮೇಲೆ ಅವರೇ
ಮಗಳ ಹಣೆಯ ಮೇಲೆ ಅಂಗೈ ಇಟ್ಟರು, ಆದರೂ.
ಹೆಬ್ಬೆರಳ ಬುಡದಲ್ಲೊಂದು ಮೀನಿನ ಹುರುಪೆ ಹೊಳೆಯುತ್ತಿತ್ತು.

ಈಗ ಹದಿನೈದು ದಿನಕ್ಕೊಮ್ಮೆ ದೊಡ್ಡಾಸ್ಪತ್ರೆ, ಎರಡನೇ ಮಹಡಿ.
ಗುಣವಾಯಿತಾ ಎನ್ನುತ್ತದೆ ಸ್ಟಾಫ್ ರೂಮು.
ಕೆಲವು ದಿನ ಶಬ್ದ, ಕೆಲವು ದಿನ ತುಟಿ.

ಶನಿವಾರದ ಕೊನೆಯ ಪೀರಿಯಡ್ಡಿಗೆ ಸಿಲೆಬಸ್ ಇಲ್ಲ,
ಬೆಂಚು ಸರಿಸಿ ನೆಲದ ಮೇಲೆ ಕೂರುತ್ತೇವೆ.
ಮೊದಲ ವಾರ ಬರೀ ಕಿಸಿಕಿಸಿ.
ಮೂರನೇ ವಾರ ಓಂಕಾರ, ನಮ್ಮ ಗೋಲಿನ ಓಂಕಾರ,
"ಅಪ್ಪ ನನ್ನ ಹತ್ರ ಮಾತಾಡದೆ ಎಂಟು ತಿಂಗಳಾಯ್ತು" ಅಂದ.
ಯಾರೂ ನಗಲಿಲ್ಲ.
ದನಿಯೂ ಸುಳ್ಳು ಹೇಳ್ತದೆ ಅಂತ
ನರ್ಸಬಾಯಿಗೆ ತಿಳಿಸಬೇಕು.

ಇವತ್ತು ಮೂವತ್ತನಾಲ್ಕಕ್ಕೆ ಓಗೊಟ್ಟವರಿಲ್ಲ.
ಹಿಂದೆಲ್ಲ ಇಂಥಲ್ಲಿ ಯಾರಾದರೂ ಗಂಟಲು ಬದಲಿಸಿ
ಪ್ರಾಕ್ಸಿ ಹೊಡೆಯುತ್ತಿದ್ದರು, ನಾನು ಹೊರಗೆ ನಿಲ್ಲಿಸುತ್ತಿದ್ದೆ.
ಇವತ್ತು ಮೂರು ಬೆಂಚು ಒಟ್ಟಿಗೆ ತಿರುಗಿ ಬಾಗಿಲು ನೋಡಿದವು.
"ಮಾಜಾಳಿ ಬಸ್ಸು ಕಾಳಿ ಬ್ರಿಜ್ಜಿನ ಮೇಲೆ ಸಿಕ್ಕೊಂಡದೆ ಮಿಸ್.
ಫೋನ್ ಮಾಡಿದ್ವಿ. ಬರ್ತಾ ಇದ್ದಾಳೆ."

ಆ ಚೌಕದಲ್ಲಿ ಏನೂ ಬರೆಯಲಿಲ್ಲ.
ಮೂವತ್ತೈದಕ್ಕೆ ಹೋಗಲೂ ಇಲ್ಲ.
ಪೆನ್ನಿನ ಮುಚ್ಚಳ ಹಾಕಿ ಕೂತೆ,
ಮೆಟ್ಟಿಲ ಮೇಲಿನ ಚಪ್ಪಲಿ ಸದ್ದಿಗೆ
ಅರವತ್ತು ಜನರೊಂದಿಗೆ ಕಿವಿಗೊಟ್ಟು.