ಫುಟ್‌ಬೋರ್ಡು

ಬೆಳಗಿನ ಮೊದಲ ಹೆಜ್ಜೆಗೇ ಗೊತ್ತಾಗುತ್ತದೆ
ದಿನ ಹೇಗಿರುತ್ತದೆಂದು.
ಚಾಪೆಯಿಂದೆದ್ದು ಬಲಗಾಲು ಊರಿದರೆ
ಹಿಮ್ಮಡಿಯಲ್ಲಿ ಯಾರೋ
ಬಂಗುಡೆಯ ಮುಳ್ಳು ಮರೆತು ಹೋದ ಹಾಗೆ.
ಗೋಡೆ ಹಿಡಿದು ಬಚ್ಚಲು ಮುಟ್ಟುವಷ್ಟರಲ್ಲಿ
ಅರ್ಧ ಕರಗುತ್ತದೆ. ಇನ್ನರ್ಧ
ನನ್ನ ಜೊತೆ ಮೊದಲ ಟ್ರಿಪ್ಪಿಗೆ ಬರುತ್ತದೆ
ಟಿಕೇಟಿಲ್ಲದೆ.

ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್,
ಸುರತ್ಕಲ್ಲಿನಿಂದ ಸ್ಟೇಟ್‌ಬ್ಯಾಂಕು.
ಇಪ್ಪತ್ತೊಂದು ವರ್ಷ ಊರಿಗೆಲ್ಲ
ಮುಂದೆ ಹೋಗಿ, ಮುಂದೆ ಹೋಗಿ ಎಂದು ಕೂಗಿ
ನಾನು ಮಾತ್ರ ಮೆಟ್ಟಿಲ ಮೇಲೇ.
ಬಲಗೈ ಕಂಬಿಗೆ, ಎಡಗೈ ಚಿಲ್ಲರೆಗೆ;
ಬ್ರೇಕಿಗೆ, ತಿರುವಿಗೆ, ಲೇಡಿಹಿಲ್ಲಿನ ಇಳಿಜಾರಿಗೆ
ಉತ್ತರ ಕೊಡಬೇಕಾದ್ದು ಕಾಲು.

ಆ ಕಾಲಿಗೆ ನಾನು ಕೊಟ್ಟದ್ದು
ಒಂದು ಜೊತೆ ಹವಾಯಿ.
ನೀಲಿ ಬಾರು ಎರಡು ಸಲ ಬದಲಾಗಿದೆ,
ಅಟ್ಟೆ ಎಷ್ಟು ಸವೆದಿತ್ತೆಂದರೆ
ಬಿದ್ದ ನಾಣ್ಯ ತುಳಿದು
ಒಂದು ರೂಪಾಯೋ ಎರಡೋ
ನೋಡದೆ ಹೇಳುತ್ತಿದ್ದೆ.

ಮುಲಾಮು ತಿಕ್ಕಿದ್ದಾಯಿತು.
ಕಾದ ಇಟ್ಟಿಗೆಯ ಮೇಲೆ ಎಕ್ಕದೆಲೆ ಇಟ್ಟು
ತುಳಿದದ್ದಾಯಿತು.
'ವಯಸ್ಸಾಯಿತಲ್ಲ ಮಾರಾಯ' ಅಂದ ಡ್ರೈವರ್ ಐತಪ್ಪ.
ಅವನದು ಕೂತು ಮಾಡುವ ಕೆಲಸ.

ಮೊನ್ನೆ ಖಾಲಿ ಬುಟ್ಟಿ ಹಿಡಿದು ಹತ್ತಿದ ಜಲಜಕ್ಕ
'ಎಂತದು, ಕೊಕ್ಕರೆ ಹಾಗೆ ಒಂಟಿಕಾಲಲ್ಲಿ?' ಎಂದಳು.
ಹೇಳಿದೆ.
ಸೀರೆಯ ನೆರಿಗೆ ಗೇಣುದ್ದ ಎತ್ತಿ ತೋರಿಸಿದಳು:
ಕೆಳಗೆ ಓಟದ ಶೂ! ಗಿಳಿಹಸಿರು!
ಮೊಮ್ಮಗಳು ಖೋಖೋ ಬಿಟ್ಟಮೇಲೆ ಉಳಿದದ್ದು,
ಲೇಸಿನ ಸಂದಿಯಲ್ಲಿ ಮೀನಿನ ಹುರುಪೆ ಮಿನುಗುತ್ತಿತ್ತು.

'ನಗು, ನಗು. ದಕ್ಕೆಯಲ್ಲಿ ಎಲ್ಲರೂ ನಕ್ಕರು.
ನಕ್ಕವರು ನನ್ನ ಕಾಲಲ್ಲಿ ನಿಲ್ಲುವುದುಂಟಾ?
ನೀನು ಮೊದಲು ಅದನ್ನು ಬಗ್ಗಿಸಿ ನೋಡು.
ಬೆರಳ ಹತ್ತಿರ ಬಗ್ಗಿದರೆ ಸರಿ,
ನಡುವಲ್ಲೇ ನೀರುದೋಸೆ ಹಾಗೆ ಮಡಚಿದರೆ ಬೇಡ.
ಹಿಮ್ಮಡಿಯನ್ನು ಹಿಡಿದು ಕೂರಬೇಕು, ಜಾರಬಾರದು.
ಮತ್ತೆ, ಬೆಳಿಗ್ಗೆ ಹೋಗಿ ತಕ್ಕೊಳ್ಳಬೇಡ.
ಹಗಲೆಲ್ಲ ನಿಂತ ಕಾಲು
ನಿಜ ಅಳತೆ ಹೇಳುವುದು ಸಂಜೆಗೇ.'

ಕುಳೂರಿನಲ್ಲಿ ಇಳಿದಳು.
ಬಾಕಿ ಐದು ರೂಪಾಯಿ ನಾನು ಮರೆತಿದ್ದೆ,
ಅವಳು ಮರೆಯಲಿಲ್ಲ.

ಹಂಪನಕಟ್ಟೆಯ ಅಂಗಡಿಯಲ್ಲಿ, ದೀಪ ಹತ್ತಿದ ಮೇಲೆ,
ಮೊಣಕಾಲೂರಿ ನನ್ನ ಪಾದ ಅಳೆದ ಹುಡುಗ
'ಏಳಲ್ಲ ಅಣ್ಣ, ನಿಮ್ಮದು ಎಂಟು' ಎಂದ.
ಇಪ್ಪತ್ತೊಂದು ವರ್ಷ
ಒಂದು ನಂಬರು ಕಡಿಮೆ ಬದುಕಿದ್ದೆ.
ಒಳಗೆ ಕಾಲಿಟ್ಟಾಗ ಪಾದದ ಕಮಾನಿನಡಿ
ಒಂದು ಸಣ್ಣ ಉಬ್ಬು:
ಯಾರೋ ಕೆಳಗಿನಿಂದ ಅಂಗೈ ಕೊಟ್ಟಂತೆ.
ಬೆಲೆ ಕೇಳಿ ಅಂಗೈ ಹಿಂತೆಗೆದಂತಾಯಿತು,
ಆದರೂ ಎಣಿಸಿ ಕೊಟ್ಟೆ, ಬಹುಪಾಲು ಚಿಲ್ಲರೆಯಲ್ಲೇ.
ಆ ಹುಡುಗ ಎದ್ದು ಅದನ್ನೆಲ್ಲ ಎಣಿಸುವಾಗ ಕಂಡೆ,
ಅವನ ಕಾಲಲ್ಲೂ ತೆಳ್ಳನೆಯ ಹವಾಯಿ,
ಹೊರಬದಿಗೆ ಸವೆದದ್ದು.

ಈಗ ರಾತ್ರಿ ಫ್ರೀಜರಿನಲ್ಲಿ
ಬಂಗುಡೆಯ ಪಕ್ಕ ನನ್ನದೊಂದು ನೀರಿನ ಬಾಟಲಿ.
ಊಟವಾದ ಮೇಲೆ ಬಟ್ಟೆ ಸುತ್ತಿ
ಪಾದದಡಿ ಉರುಳಿಸುತ್ತೇನೆ.
ಸುರತ್ಕಲ್ಲಿನಲ್ಲಿ ಬಸ್ಸು ತಿರುಗುವ ಮೊದಲಿನ ಐದು ನಿಮಿಷ
ಅದರ ಬೆನ್ನಿಗೆ ಎರಡೂ ಕೈ ಕೊಟ್ಟು
ಒಂದು ಕಾಲು ಹಿಂದೆ, ಹಿಮ್ಮಡಿ ನೆಲಕ್ಕೆ ಒತ್ತಿ
ಮೀನಖಂಡ ಎಳೆಯುವವರೆಗೆ ನಿಲ್ಲುತ್ತೇನೆ.
'ಗಾಡಿ ಕೆಟ್ಟಿಲ್ಲ ಮಾರಾಯ,
ಯಾಕೆ ನೂಕುವುದು?' ಐತಪ್ಪನಿಗೆ ನಗು.

ನೋವು ಹೋಯಿತೆ? ಇಲ್ಲ.
ಮೊದಲು ಕೊನೆಯ ಸ್ಟಾಪಿನವರೆಗೂ ಬರುತ್ತಿತ್ತು,
ಈಗ ಕೊಟ್ಟಾರಚೌಕಿಯಲ್ಲಿ
ಹೇಳದೆ ಇಳಿದುಕೊಳ್ಳುತ್ತದೆ.

ನಿನ್ನೆ ಯಾರದೋ ಕೈಯಿಂದ ನಾಣ್ಯವೊಂದು ಬಿತ್ತು.
ತುಳಿದೆ. ಏನೂ ಗೊತ್ತಾಗಲಿಲ್ಲ.
ಬಗ್ಗಿ ನೋಡಬೇಕಾಯಿತು.
ಸೊಂಟ
ಏನೋ ಹೇಳಲು ಶುರುಮಾಡಿತು.
'ರೈಟ್ ಪೋಯಿ' ಅಂದೆ.