ಒಂದು ರಿಂಗು

ರಾತ್ರಿ ಎರಡೂ ಕಾಲು. ಮುಳಬಾಗಿಲು ರಸ್ತೆ ಬಿಟ್ಟು ಒಳಕ್ಕೆ,
ಬೈರಗಾನಪಲ್ಲಿಯ ಬಂಡೆಗೆ ಬೈಕು ಒರಗಿಸಿದೆ.
ಗಂಗುಲಮ್ಮ ಟಾರ್ಚು ಹಿಡಿದು ನಿಂತಿದ್ದಳು.
ನಡುಗುತ್ತಿದ್ದುದು ಬೆಳಕು, ತಾನಲ್ಲ ಎಂಬಂತೆ.

ಕರು ಹಾಕಿ ಒಂದು ಹಗಲು ಕಳೆದಿತ್ತಷ್ಟೆ.
ಹಸು ಕತ್ತನ್ನು ಪಕ್ಕೆಗೆ ಮಡಚಿಕೊಂಡು
ಯಾರೋ ಸುತ್ತಿಟ್ಟು ಮರೆತ ಗೋಣಿಯಾಗಿತ್ತು.
ಕಿವಿ ತಣ್ಣಗೆ. ಮೂತಿ ಒಣ ಹಂಚು.
ಹಾಲಿನ ಜ್ವರ ಅನ್ನುತ್ತೇವೆ. ಸುಳ್ಳು ಹೆಸರು,
ಮುಟ್ಟಿದರೆ ಒಲೆ ಆರಿದ ಮನೆ.

"ಹೋದ ಸೂಲಲ್ಲಿ ಹೊತ್ತಿಗೆ ಹನ್ನೆರಡು ಲೀಟರು, ಡಾಕ್ಟ್ರಮ್ಮ."
ಅದೇ ಮತ್ತೆ. ರಕ್ತದ ಸುಣ್ಣವನ್ನೆಲ್ಲ
ಕರುವಿಗೆಂದು, ಡೈರಿಗೆಂದು, ಎಳೆದುಕೊಂಡಿತ್ತು ಕೆಚ್ಚಲು.
ಕೆಚ್ಚಲಿಗೆ ಸುಣ್ಣ, ಕಾಲಿಗೆ ಬೆಣ್ಣೆ:
ಗಾದೆ ಮಗ್ಗುಲು ಬದಲಿಸಿ ಮಲಗಿತ್ತು.

ಬಾಟಲಿಯನ್ನು ಬಿಸಿನೀರಿನ ತಪ್ಪಲೆಗೆ ಅದ್ದಿ,
ಕತ್ತಿನ ನರ ಹುಡುಕಿ, ಸೂಜಿ ಇಳಿಸಿದೆ.

ಈಕೆಗೆ ಏನೆಂದು ಹೇಳಲಿ?
ಕಣ್ಣಿಗೆ ಕಾಣದ ಒಂದೊಂದು ಕೋಶವೂ
ಅಂಗಳ ಗುಡಿಸುವ ಹುಚ್ಚು ಹಿಡಿದ ಮನೆಯೊಡತಿ.
ಹೊರಗೆ ಕ್ಯಾಲ್ಸಿಯಂ ಒಳಗಿಗಿಂತ ಹತ್ತು ಸಾವಿರ ಪಟ್ಟು.
ಒಂದು ಕಣ ನುಸುಳಿದರೂ ಎತ್ತಿ ಆಚೆಗೆಸೆಯುತ್ತಾಳೆ,
ಇಲ್ಲವೇ ಒಳಮನೆಯ ಕಣಜಕ್ಕೆ ಸುರಿದು ಬಾಗಿಲು ಹಾಕುತ್ತಾಳೆ.
ಉಂಡದ್ದರಲ್ಲಿ ಎಷ್ಟೋ ಪಾಲು ಈ ಪೊರಕೆಗೇ ಸಂದಾಯ.
ಮೌನ ಪುಕ್ಕಟೆಯಲ್ಲ.
ಅಷ್ಟು ಗುಡಿಸಿಟ್ಟಿದ್ದರಿಂದಲೇ
ನಾಲ್ಕು ಕಣ ಬಿದ್ದರೆ ಸದ್ದು.

ಸದ್ದಿಗೆ ಅದರದೇ ಅರ್ಥವೂ ಇಲ್ಲ.
ನಮ್ಮ ಕಡೆಯ ಮಿಸ್ಡ್ ಕಾಲ್ ಇದ್ದ ಹಾಗೆ:
ಒಂದು ರಿಂಗಾದರೆ ಬಸ್ಸು ಹತ್ತಿದೆ,
ಎರಡಾದರೆ ಕರೆಂಟು ಬಂತು, ಮೋಟರು ಹಾಕು,
ಬಿಟ್ಟು ಬಿಟ್ಟು ಬಡಿದುಕೊಂಡರೆ ಯಾರೋ ಹೋದರು.
ಎಷ್ಟು ಸಲ, ಎಷ್ಟು ಹೊತ್ತು, ಯಾರ ಮನೆಗೆ, ಅಷ್ಟೆ.
ಅದೇ ಕಣ ಸ್ನಾಯುವಿಗೆ ಬಿಗಿ ಅನ್ನುತ್ತದೆ,
ಗ್ರಂಥಿಗೆ ಸುರಿಸು,
ಆಗಷ್ಟೇ ವೀರ್ಯ ಮುಟ್ಟಿದ ಅಂಡಕ್ಕೆ ಏಳು.
ರಿಂಗು ನಿಲ್ಲದೇ ಹೋದರೆ, ಸಾಯಿ.

ಇಲ್ಲಿ, ಈ ಕೊಟ್ಟಿಗೆಯಲ್ಲಿ,
ಎದ್ದೇಳು ಎಂದು ಮಿದುಳು ಹೇಳಿದಾಗಲೆಲ್ಲ
ನರದ ತುದಿಯ ಕದ ತೆರೆಯುತ್ತಲೇ ಇತ್ತು.
ಹೊಸ್ತಿಲಾಚೆ ಯಾರೂ ಇರಲಿಲ್ಲ.

ಹನಿ. ಹನಿ. ಅವಸರಪಟ್ಟರೆ ಎದೆಯೇ ನಿಂತೀತು.
ಕಂಡಿದ್ದೇನೆ, ತಾಯಲೂರಲ್ಲಿ, ಕೆಲಸಕ್ಕೆ ಸೇರಿದ ವರ್ಷ.
ಆ ಮನೆಯವರು ನನಗೇ ಕಾಫಿ ಕೊಟ್ಟು ಸಮಾಧಾನ ಹೇಳಿದ್ದರು.
ಸ್ಟೆತಾಸ್ಕೋಪಿನಲ್ಲಿ ಒಂದು ಬಡಿತ ಎಡವಿತು.
ಬಾಟಲಿ ಇಳಿಸಿದೆ. ಎಣಿಸಿದೆ. ಮತ್ತೆ ಎತ್ತಿದೆ.

ಮೊದಲು ತೊಡೆಯ ಚರ್ಮ
ಗಾಳಿ ಸೋಕಿದ ಕುಂಟೆಯ ನೀರಿನಂತೆ ಜುಮ್ಮೆಂದಿತು.
ಆಮೇಲೆ ಒಂದು ತೇಗು,
ಹುಳಿ ಹುಲ್ಲಿನ, ಉದ್ದನೆಯ, ನಾಚಿಕೆಯಿಲ್ಲದ ತೇಗು.
ಸಗಣಿ. ಮೂತಿಯ ಮೇಲೆ ಬೆವರು.
ಹಿಂಗಾಲು ಊರಿ, ಒಮ್ಮೆ ಜಾರಿ,
ಎದ್ದೇಬಿಟ್ಟಿತು.

"ಅದೇನ್ ಕೊಟ್ರಿ?"
"ಸುಣ್ಣ."
ತನ್ನ ಹೆಬ್ಬೆರಳ ಉಗುರಿನ ಬಿಳುಪು ನೋಡಿಕೊಂಡಳು:
"ಅಯ್ಯ, ನನ್ ಸಂಚೀಲೇ ಇತ್ತಲ್ಲ!"
ನಕ್ಕಳು. ಟಾರ್ಚಿನ ಬೆಳಕು ಆಗ ನಿಂತಿತು ಒಂದೆಡೆ.

ಪೂರ್ತಿ ಹಿಂಡಬೇಡ, ಕರುವಿಗೆಷ್ಟೋ ಅಷ್ಟೇ, ಅಂದೆ.
ಮೇಯುತ್ತಿದ್ದರೆ ಒಂದು ರಿಂಗು ಕೊಡು,
ಮತ್ತೆ ಬಿದ್ದರೆ ಎರಡು. ಬೀಳುವುದೂ ಉಂಟು.

ಆರೂವರೆಗೆ ಹಲ್ಲುಜ್ಜುತ್ತಿದ್ದೆ.
ಕಿಟಕಿಯ ಕಲ್ಲಿನ ಮೇಲೆ ಫೋನು ಒಮ್ಮೆ ಬಡಿದುಕೊಂಡಿತು.
ಬ್ರಷ್ಷು ಬಾಯಲ್ಲೇ, ನೊರೆ ಗಲ್ಲಕ್ಕಿಳಿಯುತ್ತ,
ಎರಡನೆಯದು ಬಾರದಿರಲೆಂದು ನಿಂತೆ.

ಬರಲಿಲ್ಲ.
ಮೈಯೊಳಗಿನ ಎಷ್ಟು ಕೋಟಿ ಅಂಗಳಗಳಲ್ಲಿ
ಆಗ ಪೊರಕೆ ಆಡುತ್ತಿತ್ತೋ.