ಹನ್ನೊಂದು ಅಡಿ

ಮೇಸ್ತ್ರಿ ಕೆಂಪಾಜಿ ಅವತ್ತು ರಸಮಟ್ಟ ಮರೆತು ಬಂದಿದ್ದ.
ಕಣ್ಣಂದಾಜಿನಲ್ಲೇ ಎಳೆದ ಸೆಲ್ಲರಿನ ಇಳಿಜಾರು:
ಹನ್ನೊಂದು ಅಡಿ ಉದ್ದ, ನಾಲ್ಕೂವರೆ ಆಳ.
"ನೀರು ನಿಲ್ಲಾಕಿಲ್ಲ ಕಣಣ್ಣ, ಸರ್ರಂತ ಹೊಂಟೋಯ್ತದೆ" ಅಂದ.
ನಿಜ. ಸರ್ರಂತ ಒಳಗೇ ಬರುತ್ತದೆ.

ಕನಕಗಿರಿಯಲ್ಲಿ ಯಾವುದು ತಾನೆ ಮಟ್ಟಸವಾಗಿದೆ?
ಬೆಟ್ಟದ ಬುಡದಿಂದ ಬೀದಿಯೇ ಜಾರಿಕೊಂಡು ಬಂದು
ನಮ್ಮ ಮೋರಿ ಚಪ್ಪಡಿಯ ಮೇಲೆ ಕೂತಿದೆ.

ಪಾಲಾದಾಗ ಮೇಲಿನ ಮನೆ ಅಣ್ಣನಿಗೆ,
ಕೆಳಗಿನ ಒಂದೂವರೆ ಕೋಣೆ, ಸೆಲ್ಲರು ನನಗೆ.
ಹಂಡೆ, ಒನಕೆ, ಕಳಚಿಬಿದ್ದ ಫ್ಯಾನಿನ ರೆಕ್ಕೆ ಕೂಡ
ಪಟ್ಟಿಗೆ ಸೇರಿದವು. ಯೆಜ್ಡಿ ಮಾತ್ರ ಬರೆಯಲು ಮರೆತರು.
ಕೆಳಗಿತ್ತು, ನನ್ನದಾಯಿತು.
ಟ್ಯಾಂಕಿನ ಪಕ್ಕದ ಬಣ್ಣ ಸವೆದದ್ದು ಮಾತ್ರ
ಅವನ ಮಂಡಿಗೆ.

ಅದೇ ವಾರ ಸಂಪಿನ ಮೋಟಾರಿನ ಬಿಲ್ಲಿಗೆ
ನಾನೊಂದು ಮಾತಾಡಿದೆ. ಅವನೂ ಒಂದು.
ಅಲ್ಲಿಗೆ ಎರಡೂ ಕಡೆ ಸ್ಟಾಕು ಮುಗಿಯಿತು.

ಗಾಡಿಗೆ ಇದೆಲ್ಲ ಗೊತ್ತಿಲ್ಲವಲ್ಲ.
ನೂರ ನಲವತ್ತು ಕೇಜಿ ಕಬ್ಬಿಣ, ಒಬ್ಬನ ಕೈಗೆ ಹತ್ತುವುದಿಲ್ಲ.
ಸ್ಟಾರ್ಟ್ ಮಾಡಿ, ಕೂತು ಹತ್ತಿಸೋಣವೆಂದರೆ
ಮೇಲೆ ಎದುರಿಗೇ ಕರೆಂಟು ಕಂಬ ಕಾದು ನಿಂತಿದೆ,
ಸಾಲ ಕೊಟ್ಟವನ ಹಾಗೆ.

ಹಾಗಾಗಿ ಐದೂಮುಕ್ಕಾಲಿಗೆ,
ಸಿಲ್ಕ್ ಫ್ಯಾಕ್ಟರಿಯ ಮೊದಲ ಪಾಳಿಗೆ ನಾನು ಹೊರಡುವಾಗ
ಹೆಗಲಿಗೆ ಟವೆಲು ಹಾಕಿಕೊಂಡು ಅಣ್ಣ ಇಳಿದುಬರುತ್ತಾನೆ.
ನಾನು ಹ್ಯಾಂಡಲ್ಲು, ಅವನು ಕ್ಯಾರಿಯರ್ರು.
'ಹ್ಞೂಂ' ಅನ್ನುವುದು ಮಾತಲ್ಲ, ಉಸಿರು;
ಅದು ಲೆಕ್ಕಕ್ಕಿಲ್ಲ.
ಏಳು ಹೆಜ್ಜೆ. ಎಂಟನೆಯದಕ್ಕೆ
ಸೈಲೆನ್ಸರ್ರು ಚಪ್ಪಡಿಗೆ ತಾಗಿ ಕರ್ರೆನ್ನುತ್ತದೆ.
ಅವನು ಕೈ ಒರೆಸಿಕೊಂಡು ಮೆಟ್ಟಿಲು ಹತ್ತುತ್ತಾನೆ.
ನಾನು ಒದೆಯುತ್ತೇನೆ, ಒದ್ದ ಕಡ್ಡಿಯನ್ನೇ ಮಡಿಚಿ ಗೇರು ಹಾಕುತ್ತೇನೆ.
ಈ ಗಾಡಿಗೆ ಎರಡಕ್ಕೂ ಒಂದೇ ಕಡ್ಡಿ.
ಹೀಗೆ ಆರು ವರ್ಷ.

ಇಳಿಸುವುದಕ್ಕೆ ಯಾರೂ ಬೇಡ.
ರಾತ್ರಿ ಬ್ರೇಕು ಹಿಡಿದು, ಬಿಟ್ಟು, ಹಿಡಿದು...
ಸ್ಟ್ಯಾಂಡು ಟಕ್ಕೆಂದ ಮೇಲೆಯೇ
ಮೇಲಿನ ಕಿಟಕಿಯ ದೀಪ ಆರುತ್ತದೆ.
ಅಕಸ್ಮಾತ್ ಇರಬಹುದು.

ಒಮ್ಮೆ ಅವರೆಲ್ಲ ತಿಥಿಗೆಂದು ಯಳಂದೂರಿಗೆ ಹೋಗಿದ್ದರು.
ನಾನೊಬ್ಬನೇ ಕೆಳಗೇ ಸ್ಟಾರ್ಟ್ ಮಾಡಿ,
ಒಂದನೇ ಗೇರಿಗೆ ಹಾಕಿ, ಅರ್ಧ ಕ್ಲಚ್ಚು ಹಿಡಿದು
ಪಕ್ಕದಲ್ಲಿ ನಡೆದೆ.
ಮೂಗುದಾರಕ್ಕೆ ಪಳಗಿದ ಹೋರಿಯಂತೆ
ಬುಸುಗುಡುತ್ತ ತಾನೇ ಹತ್ತಿ ಬಂತು!
ಬೀದಿಯಲ್ಲಿ ಹಾಲಿನ ಹುಡುಗನ ಹೊರತು ಯಾರೂ ಇರಲಿಲ್ಲ.
ಗೆದ್ದೆ ಅನ್ನಿಸಬೇಕಿತ್ತು.

ಮರುದಿನ ಐದೂಮುಕ್ಕಾಲಿಗೆ
ಕಿಕ್ಕರಿಗೆ ಕಾಲು ತಾಗಿಸದೆ ಕೆಳಗೆ ನಿಂತೆ.
ಪೆಟ್ರೋಲಿನ ನಲ್ಲಿ ತಿರುಗಿಸಿದೆ, ಮುಚ್ಚಿದೆ, ಕೆಮ್ಮಿದೆ.
ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು.

ಹೋದ ತಿಂಗಳು ರಾಜಮಣಿ ಅತ್ತಿಗೆ ಬಟ್ಟೆ ಒಣಹಾಕುತ್ತ
ತಂತಿಗೆ ಹೇಳುವ ಹಾಗೆ ಹೇಳಿದರು:
"ಇವ್ರಿಗೆ ಹರ್ನಿಯಾ ಅಂತೆ. ಭಾರ ತಳ್ಳಬಾರ್ದು ಅಂದವ್ರೆ."

ಈಗ ಇಂಜಿನ್ನಿನಲ್ಲೇ ಹತ್ತಿಸುತ್ತೇನೆ.
ಅಣ್ಣ ಆದರೂ ಬರುತ್ತಾನೆ. ಕ್ಯಾರಿಯರಿನ ಮೇಲೆ ಕೈ ಇಡುತ್ತಾನೆ.
ಕೈ ಇದೆ, ಭಾರವಿಲ್ಲ.
ಅವನಿಗೂ ಗೊತ್ತು, ಹೊಗೆ ಮುಖಕ್ಕೇ ಹೊಡೆಯುತ್ತದಲ್ಲ.
ಏಳು ಹೆಜ್ಜೆಯಲ್ಲಿ ಒಂದನ್ನೂ ಕಮ್ಮಿ ಮಾಡುವುದಿಲ್ಲ.

ನಿನ್ನೆ ಮೇಲೆ ಬಂದವನು ಒಂದು ಗಳಿಗೆ ನಿಂತ.
ಚೈನ್ ಕವರಿನ ಕಡೆ ನೋಡಿ, ಅದಕ್ಕೇ ಎಂಬಂತೆ,
"ಚೈನು ಸಡ್ಲಾಗದೆ" ಅಂದ. ಹೋದ.

ಹತ್ತು ನಿಮಿಷದ ಕೆಲಸ. ಮಗ್ಗದ ಫಿಟ್ಟರು ನಾನು,
ಸ್ಪ್ಯಾನರು ಜೇಬಿನಲ್ಲೇ ಇರುತ್ತದೆ.
ಬಿಗಿ ಮಾಡಿಲ್ಲ.
ನಾಳೆಯೂ ಕಟಕಟ ಅನ್ನಲಿ.